ಹಿಂದಿನ ಚಕ್ರದ ಕಲ್ಲು

ನಮ್ಮ ಮನೆಯ ಅಂಗಳ ಇಳಿಜಾರು. ವಂಡ್ಸೆ ದಾಟಿ ಕೊಲ್ಲೂರಿನ ಕಡೆಗೆ ಹೋಗುವ ರಸ್ತೆಗಿಂತ ಮನೆ ತಗ್ಗಿನಲ್ಲಿದೆ, ಮನೆಗಿಂತ ಬಾವಿ ಇನ್ನೂ ತಗ್ಗಿನಲ್ಲಿದೆ. ಅಂಗಳದ ಒಂದು ಮಗ್ಗುಲಲ್ಲಿ ಅಪ್ಪಯ್ಯನ ಗ್ಯಾರೇಜಿನ ಶೆಡ್ಡು. ರಿಪೇರಿಗೆ ಬಂದ ಗಾಡಿಗಳನ್ನು ಅವರು ರಸ್ತೆಯಿಂದ ಹಿಮ್ಮುಖವಾಗಿ ಇಳಿಸಿ, ಮೂತಿ ರಸ್ತೆಗೆ ಮಾಡಿ ನಿಲ್ಲಿಸುತ್ತಿದ್ದರು. ನಿಲ್ಲಿಸಿದ ಕೂಡಲೇ ಒಂದು ಕೂಗು ಹಾಕುತ್ತಿದ್ದರು. ನನ್ನ ಬಾಲ್ಯದ ತುಂಬ ಆ ಕೂಗೇ ಇದೆ.

“ಕಲ್ಲ್!”

ಯಾರಿಗೆ ಎಂದು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅದು ಅಬ್ಬಿಗೆ. ನನ್ನ ತಾಯಿಯನ್ನು ನಾವು ಅಬ್ಬಿ ಎನ್ನುತ್ತೇವೆ. ಒಲೆಯ ಮೇಲೆ ಗಂಜಿ ಉಕ್ಕುತ್ತಿರಲಿ, ಬಂಗುಡೆ ಮೀನು ಕೊಯ್ದ ಕೈ ಹಾಗೇ ಇರಲಿ, ಅವಳು ಓಡಿಬಂದು ಜಗಲಿಯ ಬದಿಯಲ್ಲಿದ್ದ ಕೆಂಪು ಮುರಕಲ್ಲಿನ ತುಂಡನ್ನು ಎತ್ತಿ ಹಿಂದಿನ ಚಕ್ರದ ಬುಡಕ್ಕೆ ಇಡಬೇಕು. ಆ ಕಾಲದ ಹಳೇ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹೆಸರಿಗೆ ಮಾತ್ರ ಇರುತ್ತಿತ್ತು. ಗೇರಿನಲ್ಲಿ ನಿಲ್ಲಿಸಿದರೆ ಆಗುತ್ತಿರಲಿಲ್ಲವೇ ಎಂದು ಕೇಳುವವರು ಗ್ಯಾರೇಜಿನ ಮನೆಯಲ್ಲಿ ಬೆಳೆದವರಲ್ಲ. ಶೆಡ್ಡಿಗೆ ಬಂದ ಗಾಡಿ ಯಾವಾಗಲೂ ನ್ಯೂಟ್ರಲ್‌ನಲ್ಲಿ ಇರಬೇಕು, ಯಾರು ಬೇಕಾದರೂ ಕೈಯಲ್ಲಿ ತಳ್ಳಿ ಆಚೀಚೆ ಮಾಡುವಂತಿರಬೇಕು. ಅದು ನಮ್ಮಲ್ಲಿ ದೇವರಿಗೆ ದೀಪ ಇಟ್ಟಷ್ಟೇ ತಪ್ಪದ ಪದ್ಧತಿ. ಹಾಗಾಗಿ ಆ ಅಂಗಳದ ಎಲ್ಲ ಗಾಡಿಗಳನ್ನೂ ನಿಜವಾಗಿ ಹಿಡಿದು ನಿಲ್ಲಿಸಿದ್ದು ನನ್ನ ಅಬ್ಬಿ. ಬೋರ್ಡಿನಲ್ಲಿ ಹೆಸರು ಮಾತ್ರ ಅಪ್ಪಯ್ಯನದು.

ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಬಾಲ್ಯದ ನೆನಪೆಂದರೆ ತಣ್ಣಗೆ, ಸಿಹಿಯಾಗಿ ಬರೆಯಬೇಕು ಎನ್ನುವವರಿದ್ದಾರೆ. ಅವರ ಅಂಗಳ ಸಮತಟ್ಟಾಗಿತ್ತೋ ಏನೋ.

ಶೆಡ್ಡಿಗೂ ಮನೆಗೂ ನಡುವೆ ಗೋಡೆ ಇತ್ತು, ಗಡಿ ಇರಲಿಲ್ಲ. ಜಗಲಿಯ ಮೇಲೆ ಅಜ್ಜಿಯ ಎಲೆ ಅಡಿಕೆಯ ತಟ್ಟೆಯ ಪಕ್ಕದಲ್ಲೇ ಸೀಮೆಎಣ್ಣೆಯಲ್ಲಿ ನೆನೆಹಾಕಿದ ನಟ್ಟು ಬೋಲ್ಟುಗಳು. ಬಚ್ಚಲಿನ ಕಲ್ಲಿಗೆ ಸೋಪಿಗಿಂತ ಗ್ರೀಸೇ ಹೆಚ್ಚು ಮೆತ್ತಿರುತ್ತಿತ್ತು. ನನ್ನ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿದ್ದು ಬೇರಿಂಗ್ ಸುತ್ತಿ ಬಂದ ಎಣ್ಣೆಕಾಗದದಲ್ಲಿ. ಆದರೆ ಅತಿ ಹೆಚ್ಚು ಲೂಟಿಯಾದದ್ದು ಅಡುಗೆಮನೆ. ಬೇರಿಂಗನ್ನು ಬಿಸಿ ಎಣ್ಣೆಯಲ್ಲಿ ಕಾಸಿದರೆ ಅದು ತುಸು ಹಿಗ್ಗುತ್ತದೆ, ಆಗ ಹಬ್ಬಿನ ಮೇಲೆ ಸಲೀಸಾಗಿ ಕೂರುತ್ತದೆ. ಹಬ್ ಎಂದರೆ ಚಕ್ರವನ್ನು ಬಿಗಿಯುವ ಕಬ್ಬಿಣದ ನಡುಗುಂಬ. ಈ ಕೆಲಸಕ್ಕೆ ಅಪ್ಪಯ್ಯ ಆರಿಸಿಕೊಂಡದ್ದು ಅಬ್ಬಿ ತವರಿಂದ ತಂದ ದಪ್ಪ ತಳದ ಬಾಣಲೆಯನ್ನು. ಅದರಲ್ಲಿ ಅವಳು ಗೋಳಿಬಜೆ ಕರಿಯುತ್ತಿದ್ದಳು. ಒಮ್ಮೆ ಬೇರಿಂಗ್ ಕಾಸಿದ ಮೇಲೆ ಎಷ್ಟು ಹುಣಿಸೆಹಣ್ಣು ಹಾಕಿ ತಿಕ್ಕಿದರೂ ಆ ವಾಸನೆ ಹೋಗಲಿಲ್ಲ. ಅವಳು ಜಗಳ ಆಡಿದಳು. ಆಗ ಇನ್ನೂ ಆಡುತ್ತಿದ್ದಳು.

“ಬಾಣ್ಲಿ ಒಂದ್ ಮಾತ್ ಕೇಂಡ್ಕಂಡ್ ತಕಂಡ್ ಹೋಪ್ಕೆ ಆತಿಲ್ಯಾ ನಿಮ್ಗೆ? ಅದ್ ನನ್ನ ಅಬ್ಬಿ ಕೊಟ್ಟದ್ದ್.”

“ಹೊಸ್ತ್ ತಂದ್ ಕೊಡ್ತೆ ಮಾರಾಯ್ತಿ, ಬಾಯ್ ಮಾಡ್ಬೇಡ.”

ಹೊಸತು ಬರಲಿಲ್ಲ. ಬಾಣಲೆ ಶೆಡ್ಡಿನದಾಯಿತು. ಅಜ್ಜಿ, ಅಂದರೆ ಅಪ್ಪಯ್ಯನ ತಾಯಿ, ಮಗನ ಪರವಾಗಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: ದುಡಿಯುವ ಗಂಡಸಿನ ಕೈಗೆ ಅಡ್ಡ ಬರಬಾರದು. ಆ ಮನೆಯಲ್ಲಿ ದುಡಿಮೆ ಎಂದರೆ ಸ್ಪ್ಯಾನರ್ ಹಿಡಿದು ಮಾಡುವುದು ಮಾತ್ರ ಆಗಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಸಾಸ್ತಾನದ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಗುದ್ದಿದ ಒಂದು ದೊಡ್ಡ ಕಾರು ನಮ್ಮ ಶೆಡ್ಡಿಗೆ ಬಂತು. ಗುಲ್ವಾಡಿ ಊರಿನವರೊಬ್ಬರದು, ಮುಂಬೈಯಲ್ಲಿ ಹೋಟೆಲು ಇಟ್ಟವರು. ಅದರ ಮುಂಭಾಗ ಅಪ್ಪಚ್ಚಿಯಾಗಿತ್ತು, ಹಿಂಭಾಗಕ್ಕೆ ಗೀರೂ ಬಿದ್ದಿರಲಿಲ್ಲ. ಇದನ್ನು ಏನು ಬೇಕಾದರೂ ಮಾಡಿಕೊಳ್ಳಿ, ನನಗೆ ಕಣ್ಣೆದುರು ಬೇಡ ಎಂದು ಹೇಳಿ ಅವರು ಬಸ್ಸು ಹತ್ತಿದರು. ಅದೇ ಕಂಪನಿಯ ಚಿಕ್ಕ ಬಿಳಿ ಕಾರೊಂದು ನಮ್ಮಲ್ಲಿತ್ತು. ಅದು ನಮ್ಮ ಮನೆಯ ಮೊದಲ ಕಾರು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತ ಅಪ್ಪಯ್ಯ ತಟ್ಟೆಯಲ್ಲಿದ್ದ ಅನ್ನ ಮುಟ್ಟದೆ ಮಾತಾಡಿದರು.

“ದೊಡ್ಡದ್ರ ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಇತ್ತ್. ನಮ್ದ್ಕ್ ಬರೇ ಡ್ರಮ್. ಹಬ್ಬು, ಡಿಸ್ಕ್ ಎಲ್ಲ ತೆಗ್ದ್ ನಮ್ದ್ಕ್ ಕೂರ್ಸ್ರೆ ಹ್ಯಾಂಗೆ?”

“ಅದ್ ಇದ್ಕ್ ಕೂರತ್ತಾ?” ಎಂದು ಅಬ್ಬಿ ಕೇಳಿದಳು.

“ಕೂರ್ದಿದ್ರೆ ಕೂರ್ಸೂದ್. ಮತ್ತೆ ನಾನ್ ಎಂತಕ್ಕೆ ಇಪ್ದ್?”

ಎಂಟು ದಿನ ಅವರು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ನಾನು ಶಾಲೆಯಿಂದ ಬಂದವಳೇ ಶೆಡ್ಡಿನ ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಸುಳ್ಳು ಹೇಳಲಾರೆ, ಅವರ ಕೈ ನೋಡುವುದು ಚಂದ ಇತ್ತು. ಡ್ರಮ್ ಬ್ರೇಕೆಂದರೆ ಮುಚ್ಚಿದ ಡಬ್ಬಿ, ಒಳಗಿನಿಂದ ಒತ್ತುತ್ತದೆ. ಡಿಸ್ಕ್ ತೆರೆದ ತಟ್ಟೆ, ಎರಡು ಬದಿಯಿಂದ ಹಿಡಿಯುತ್ತದೆ. ದೊಡ್ಡ ಕಾರಿನ ಹಬ್ಬಿನ ತೂತು ನಮ್ಮ ಕಾರಿನ ದಂಡಕ್ಕೆ ಸಡಿಲವಾಯಿತು. ಕುಂದಾಪುರಕ್ಕೆ ಹೋಗಿ ಲೇತಿನಲ್ಲಿ ಬುಷ್, ಅಂದರೆ ಆ ಸಂದು ತುಂಬುವ ಉಕ್ಕಿನ ಬಳೆ, ಮಾಡಿಸಿ ತಂದರು. ಅದು ಕೂದಲೆಳೆ ದಪ್ಪ ಆಯಿತೆಂದು ಎರಡು ಸಲ ವಾಪಸ್ ಹೋದರು. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಕೂರಿಸಲು ದಪ್ಪ ತಗಡು ಕೊಯ್ದು ಅರದಲ್ಲಿ ಉಜ್ಜಿ ಹೊಸ ಬ್ರಾಕೆಟ್ಟು ಮಾಡಿದರು. ನಮ್ಮ ಚಕ್ರದ ಬೋಲ್ಟು ತೂತುಗಳು ಹೊಸ ಹಬ್ಬಿಗೆ ಹೊಂದಲಿಲ್ಲ, ಹಾಗಾಗಿ ಹಿಂದಿನ ಎರಡು ಚಕ್ರಗಳನ್ನೂ ದೊಡ್ಡ ಕಾರಿನವೇ ಹಾಕಿದರು. ಕಾರಿನ ಹಿಂಭಾಗ ಎತ್ತರವಾಗಿ, ಕಾಳು ಹೆಕ್ಕುವ ಕೋಳಿಯ ಹಾಗೆ ಕಾಣುತ್ತಿತ್ತು. ನಾನು ನಕ್ಕೆ, ಒಂದು ಪೆಟ್ಟು ತಿಂದೆ.

ಸುದ್ದಿ ಹರಡಿತು. ಬೈಂದೂರಿನಿಂದ ಟ್ಯಾಕ್ಸಿಯವರು ಬಂದರು, ಬ್ರಹ್ಮಾವರದಿಂದ ಬೇರೆ ಗ್ಯಾರೇಜಿನವರೇ ಬಂದರು. ಅಪ್ಪಯ್ಯ ಅವರನ್ನು ಹತ್ತಿಸಿಕೊಂಡು ಕೊಲ್ಲೂರು ರಸ್ತೆಯಲ್ಲಿ ಜೋರಾಗಿ ಓಡಿಸಿ, ಒಮ್ಮೆಲೇ ಬ್ರೇಕ್ ಒತ್ತಿ, ಗಾಡಿ ನೆಟ್ಟಗೆ ನಿಲ್ಲುವುದನ್ನು ತೋರಿಸುತ್ತಿದ್ದರು. ವಾಪಸು ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕಿನ ಲಿವರನ್ನು ಎಲ್ಲರಿಗೂ ಕೇಳುವ ಹಾಗೆ ಕರಕರ ಎಂದು ಎಳೆಯುತ್ತಿದ್ದರು. ಆ ಸದ್ದು ನನಗೆ ಈಗಲೂ ಕೇಳುತ್ತದೆ, ಕೇಳಿದಾಗ ಮೈ ಉರಿಯುತ್ತದೆ. ಆಮೇಲೆ ಇಳಿದು, ಬಾಗಿಲು ಹಾಕಿ, “ಕಲ್ಲ್!” ನಮ್ಮ ಕಾರು ನಿಲ್ಲುತ್ತಿದ್ದ ಜಾಗ ತುಸು ಸಮ ಇತ್ತು, ಒಂದೆರಡು ನಿಮಿಷ ಹಾಗೇ ನಿಲ್ಲುತ್ತಿತ್ತು. ಅಷ್ಟರಲ್ಲಿ ಅಬ್ಬಿ ಬರುತ್ತಿದ್ದಳು. ಲಿವರ್ ಎಳೆದ ಮೇಲೆ ಕಲ್ಲು ಯಾಕೆ ಎಂದು ಅವಳು ಕೇಳಲಿಲ್ಲ. ಎಲ್ಲ ಗಾಡಿಗೂ ಇಡುವಂತೆ ಇದಕ್ಕೂ, ಅಷ್ಟೇ ಎಂದುಕೊಂಡಿದ್ದಳು. ಆ ವರ್ಷದ ಆಯುಧಪೂಜೆಯಲ್ಲಿ ಅಪ್ಪಯ್ಯ ಜ್ಯಾಕು, ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಜೋಡಿಸಿ, ಡಿಸ್ಕಿಗೆ ಕುಂಕುಮ ಹಚ್ಚಿದರು. ಸಾಲಿನ ಕೊನೆಯಲ್ಲಿ ಅಬ್ಬಿ ತನ್ನ ಮುರಕಲ್ಲನ್ನು ತೊಳೆದು ತಂದಿಟ್ಟು ಅದರ ಮೇಲೊಂದು ದಾಸವಾಳ ಇಟ್ಟಳು. ಅಪ್ಪಯ್ಯ ನಕ್ಕರು, ಬಂದವರೂ ನಕ್ಕರು. ಅಬ್ಬಿಯೂ ನಕ್ಕಳು, ಆದರೆ ಹೂವನ್ನು ತೆಗೆಯಲಿಲ್ಲ.

ಮೂರು ತಿಂಗಳು ಹೀಗೆ ನಡೆಯಿತು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಉದ್ದಿನ ದೋಸೆ ತಿನ್ನುತ್ತಿದ್ದೆ. ಅಬ್ಬಿ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಪ್ಪಯ್ಯ ಯಾರನ್ನೋ ಕೊಲ್ಲೂರಿಗೆ ಬಿಟ್ಟು ಬಂದು ಕಾರು ಇಳಿಸಿ, ಲಿವರ್ ಎಳೆದು, ಕೂಗು ಹಾಕಿ, ಕೈ ತೊಳೆಯಲು ಬಚ್ಚಲಿಗೆ ಹೋದರು. “ಬಂದೆ” ಎಂದು ಅಬ್ಬಿ ಕೆಳಗಿನಿಂದ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೇಲೆ ಬಂದಳು, ಜಗಲಿಯ ಬದಿಯಿಂದ ಕಲ್ಲನ್ನೆತ್ತಿದಳು, ಕಾರಿನ ಹಿಂದೆ ಹೋಗಿ ಬಗ್ಗಿದಳು. ಕಲ್ಲು ನೆಲ ಮುಟ್ಟುವುದಕ್ಕೆ ಮೊದಲು ಕಾರು ಹೊರಟಿತು. ಯಾವ ಸದ್ದೂ ಇರಲಿಲ್ಲ. ನಾನು ಕಿರುಚುವಷ್ಟರಲ್ಲಿ ಆ ಎತ್ತರದ ಚಕ್ರ ಅವಳ ಬಲಗಾಲಿನ ಮೇಲೆ ಹತ್ತಿ ಇಳಿದಿತ್ತು. ಕಾರು ಬಾವಿಕಟ್ಟೆಗೆ ಗುದ್ದಿ, ಒದ್ದೆ ಬಟ್ಟೆಗಳ ಮೇಲೆ ನಿಂತಿತು. ಅಬ್ಬಿ ಅಂಗಳದಲ್ಲಿ ಬಿದ್ದಿದ್ದಳು. ಕಲ್ಲು ಅವಳ ಕೈಯಲ್ಲೇ ಇತ್ತು. ಇದನ್ನು ಇನ್ನೊಂದು ಸಲ ಹೇಳುತ್ತೇನೆ: ಕಲ್ಲು ಅವಳ ಕೈಯಲ್ಲೇ ಇತ್ತು.

ಓಡಿಬಂದ ಅಜ್ಜಿಯ ಬಾಯಿಂದ ಬಂದ ಮೊದಲ ಮಾತು ಇದು:

“ಅವ ಕೂಗದ್ದ್ ಕೇಣ್ಲಿಲ್ಯಾ ನಿಂಗೆ? ಒಂದ್ ಕಲ್ಲ್ ಬೇಗ ಇಡುಕ್ ಆಯ್ಲಿಲ್ಯಾ?”

ಅಪ್ಪಯ್ಯ ಬಚ್ಚಲಿನಿಂದ ಓಡಿಬಂದರು. ಶೆಡ್ಡಿನಲ್ಲಿದ್ದ ಯಾರದೋ ಜೀಪಿನಲ್ಲಿ ಅಬ್ಬಿಯನ್ನು ಮಲಗಿಸಿಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದರು. ಅಜ್ಜಿಯೂ ಜೊತೆಗೆ ಹತ್ತಿದರು. ನಾನು ಒಬ್ಬಳೇ ಉಳಿದೆ. ಅಬ್ಬಿಯ ಒಂದು ಚಪ್ಪಲಿ ಅಂಗಳದಲ್ಲಿತ್ತು, ಇನ್ನೊಂದು ಕಾಣಲಿಲ್ಲ. ಅದು ಕಾರಿನ ಅಡಿಯಲ್ಲಿ ಸಿಕ್ಕಿತ್ತು. ಅದನ್ನು ತೆಗೆಯಲು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದವಳು ತಲೆ ಎತ್ತಿ ನೋಡಿದೆ. ಹಿಂದಿನ ಎರಡು ಚಕ್ರಗಳಿಗೆ ಸೇರಬೇಕಾದ ಹ್ಯಾಂಡ್ ಬ್ರೇಕಿನ ಕೇಬಲ್ಲಿನ ಎರಡು ತುದಿಗಳೂ ಎಲ್ಲಿಗೂ ಸೇರಿರಲಿಲ್ಲ. ಎರಡನ್ನೂ ಮಡಚಿ, ಕಟ್ಟುವ ತಂತಿಯಿಂದ ಬಿಗಿದು, ನೇತಾಡದ ಹಾಗೆ ಅಡ್ಡಪಟ್ಟಿಗೆ ಸುತ್ತಿಟ್ಟಿದ್ದರು. ಗಂಟು ನೀಟಾಗಿತ್ತು. ಅಪ್ಪಯ್ಯನ ಗಂಟು ಯಾವಾಗಲೂ ನೀಟೇ. ನನಗೆ ಹನ್ನೊಂದು ವರ್ಷ. ಆದರೆ ಗ್ಯಾರೇಜಿನ ಮನೆಯ ಹುಡುಗಿ, ಕಂಡದ್ದು ಏನೆಂದು ಗೊತ್ತಾಗಲು ಯಾರೂ ವಿವರಿಸಬೇಕಾಗಿರಲಿಲ್ಲ. ಮೂರು ತಿಂಗಳು ಅವರು ಎಳೆದು ತೋರಿಸಿದ್ದು ಬರೇ ಸದ್ದು.

ಮಾರನೇ ದಿನ ಆಸ್ಪತ್ರೆಯಲ್ಲಿ ಅಜ್ಜಿ ಚಾ ಕುಡಿಯಲು ಹೊರಗೆ ಹೋದಾಗ ಅಬ್ಬಿಯ ಕಿವಿಯಲ್ಲಿ ಹೇಳಿದೆ. ಅವಳ ಕಾಲು ಮಂಡಿಯವರೆಗೆ ಪ್ಲಾಸ್ಟರಿನಲ್ಲಿತ್ತು. ಅವಳು ನನ್ನ ಕೈಯನ್ನು ತನ್ನ ಅಂಗೈ ಮೇಲೆ ಇಡಿಸಿ ಮಾತು ತೆಗೆದುಕೊಂಡಳು.

“ಯಾರ್ ಹತ್ರೂ ಹೇಳ್ಬೇಡ” ಎಂದಳು. “ನಿನ್ನಪ್ಪಯ್ಯನ್ ಕೈ ನಂಬ್ಕಂಡ್ ಜನ ಗಾಡಿ ಬಿಡೂದ್. ಆ ನಂಬ್ಕಿ ಹೋರೆ ನಾವ್ ಉಂಬ್ದ್ ಎಂತ?”

“ಅಜ್ಜಿ ನಿಂಗೆ ಬೈತ್ರಲೆ?”

“ಬೈಲಿ. ಬೈದ್ರೆ ಗ್ಯಾರೇಜ್ ಬಾಗ್ಲ್ ಹಾಕತ್ತಾ?”

ಅವಳು ಆಸ್ಪತ್ರೆಯಲ್ಲಿದ್ದ ಮೂರನೇ ದಿನ ಅಪ್ಪಯ್ಯ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿದರು. ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಿರುಕಿನಲ್ಲಿ ಇಣುಕಿ ನೋಡಿದೆ. ಹಳೇ ಕೇಬಲ್ಲಿಗೆ ಇನ್ನೊಂದು ತುಂಡು ಜೋಡಿಸಿ ಉದ್ದ ಮಾಡಿ, ಎರಡು ಕಡೆಯ ಕ್ಯಾಲಿಪರಿಗೂ ಸಿಕ್ಕಿಸಿದರು. ಬೆಳಿಗ್ಗೆ ಶುರು ಮಾಡಿದವರು ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸಿದರು. ಅರ್ಧ ದಿನದ ಕೆಲಸ! ಬುಷ್ ಕೂದಲೆಳೆಯಷ್ಟು ದಪ್ಪ ಹೆಚ್ಚಾಯಿತೆಂದು ಎರಡು ಸಲ ಕುಂದಾಪುರಕ್ಕೆ ಹೋದವರು, ನನ್ನ ಅಬ್ಬಿಯ ಕಾಲಿಗಾಗಿ ಅರ್ಧ ದಿನ ತೆಗೆಯಲಿಲ್ಲ. ಯಾಕೆಂದರೆ ಬುಷ್ ತಪ್ಪಿದರೆ ಬಂದವರ ಕಣ್ಣಿಗೆ ಬೀಳುತ್ತದೆ, ಕೇಬಲ್ ತಪ್ಪಿದರೆ ಕಲ್ಲಿಡುವವಳು ಇದ್ದಾಳೆ. ನಾನು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ಯೋಚಿಸಿದ್ದೇನೆ, ಇದಕ್ಕಿಂತ ಮರ್ಯಾದೆಯ ಕಾರಣ ನನಗೆ ಸಿಕ್ಕಿಲ್ಲ.

ಅಬ್ಬಿಯ ಹಿಮ್ಮಡಿ ಸರಿಯಾಗಿ ಕೂಡಲಿಲ್ಲ, ಅವಳು ಕುಂಟುತ್ತಲೇ ಉಳಿದಳು. ಕಲ್ಲಿಡುವ ಕೆಲಸ ಮಾತ್ರ ತಪ್ಪಲಿಲ್ಲ, ಓಡುವ ಬದಲು ಎಳೆದುಕೊಂಡು ಬರುತ್ತಿದ್ದಳು. ಕಾಲಿಗೆ ಏನಾಯಿತು ಎಂದು ನೆಂಟರು ಕೇಳಿದಾಗೆಲ್ಲ ಅಪ್ಪಯ್ಯ “ಕಲ್ಲಿಡುಕ್ ಮರ್ತಳ್” ಎನ್ನುತ್ತಿದ್ದರು. ಹೇಳಿ ಅವಳ ಮುಖ ನೋಡುತ್ತಿದ್ದರು. ಅವಳು “ಹೌದ್, ನಂದೇ ತಪ್ಪ್” ಎನ್ನುತ್ತಿದ್ದಳು. ಮದುವೆ ಮನೆಗಳಲ್ಲಿ ಹೆಂಗಸರು ತಮ್ಮ ಸೊಸೆಯಂದಿರಿಗೆ ಅವಳನ್ನು ತೋರಿಸಿ ಬುದ್ಧಿ ಹೇಳುವುದನ್ನು ನಾನೇ ಕೇಳಿದ್ದೇನೆ. ಕರೆದ ಕೂಡಲೇ ಎದ್ದು ಹೋಗದಿದ್ದರೆ ಹೀಗಾಗುತ್ತದಂತೆ. ಎಲ್ಲಿಯೂ ಜಗಳ ಆಡದ ಹೆಂಗಸಾಗಿ ಅವಳು ಬದಲಾದಳು. ನಾನು ಅವಳ ಪಾಲಿನ ಜಗಳವನ್ನೂ ಸೇರಿಸಿ ಆಡುವವಳಾದೆ. ಮೇಷ್ಟರ ಹತ್ತಿರ, ಬಸ್ಸಿನ ಕಂಡಕ್ಟರ ಹತ್ತಿರ, ಕಟ್ಟಿಕೊಂಡವನ ಹತ್ತಿರ ಆಡಿದೆ. ಆಡಬೇಕಾದವರೊಬ್ಬರ ಹತ್ತಿರ ಮಾತ್ರ ಆಡಲಿಲ್ಲ. ಆಸ್ಪತ್ರೆಯಲ್ಲಿ ಅಬ್ಬಿಗೆ ಕೊಟ್ಟ ಮಾತಿತ್ತು.

ಈಗ ವಂಡ್ಸೆ ಪೇಟೆಯಲ್ಲಿ ನನ್ನದೇ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಗಂಡ, ಮಗಳ ಜೊತೆ ಅದೇ ಮನೆಯಲ್ಲಿದ್ದೇನೆ. ಅಜ್ಜಿ ಹೋಗಿ ಬಹಳ ಕಾಲವಾಯಿತು. ಅಪ್ಪಯ್ಯನಿಗೆ ಎಪ್ಪತ್ತೈದು ದಾಟಿದೆ, ಕೆಲಸ ಬಿಟ್ಟಿದ್ದಾರೆ. ಆದರೂ ನಾನು ಸಂಜೆ ಕಾರು ತಂದು ನಿಲ್ಲಿಸಿದಾಗ ಜಗಲಿಯಿಂದ “ಕಲ್ಲ್!” ಎಂದು ಕೂಗುತ್ತಾರೆ. ನನ್ನ ಕಾರಿನ ಹ್ಯಾಂಡ್ ಬ್ರೇಕಿಗೆ ಲಿವರೂ ಇಲ್ಲ, ಒಂದು ಗುಂಡಿ ಒತ್ತಿದರೆ ತಾನೇ ಹಿಡಿಯುತ್ತದೆ. ಎಷ್ಟು ಸಲ ಹೇಳಿದರೂ ಅಬ್ಬಿ ಕುಂಟುತ್ತ ಬಂದು ಕಲ್ಲಿಟ್ಟೇ ಹೋಗುತ್ತಿದ್ದಳು. “ಇರ್ಲಿ, ಅವ್ರಿಗೆ ಸಮಾಧಾನ” ಎನ್ನುತ್ತಿದ್ದಳು.

ಹೋದ ತಿಂಗಳು ಬ್ರಹ್ಮಾವರದ ಮೆಕ್ಯಾನಿಕ್ ಒಬ್ಬರು ಅಪ್ಪಯ್ಯನನ್ನು ಹುಡುಕಿಕೊಂಡು ಬಂದರು. ಒಂದು ಮಾಡೆಲಿನ ಹಿಂದಿನ ಹಬ್ಬು, ಡಿಸ್ಕನ್ನು ಇನ್ನೊಂದಕ್ಕೆ ಕೂರಿಸುವುದಿತ್ತು ಅವರಿಗೆ. ಈ ಕಡೆಯಲ್ಲಿ ಅದನ್ನು ಮೊದಲು ಮಾಡಿದವರು ನೀವಂತೆ ಎಂದರು. ಅಪ್ಪಯ್ಯನ ಬೆನ್ನು ನೆಟ್ಟಗಾಯಿತು. ಬುಷ್ಷಿನ ಕಥೆ, ಬ್ರಾಕೆಟ್ಟಿನ ಕಥೆ, ಬೈಂದೂರಿನ ಟ್ಯಾಕ್ಸಿಯವರ ಕಥೆ ಎಲ್ಲ ಆಯಿತು. ನಾನು ಚಾ ಕೊಟ್ಟು ಅಲ್ಲೇ ನಿಂತಿದ್ದೆ.

“ಮತ್ತೆ ಎಂತ ತೊಂದ್ರಿ ಬರ್ಲಿಲ್ಯಾ ಅಣ್ಣಯ್ಯ?” ಎಂದು ಮೆಕ್ಯಾನಿಕ್ ಕೇಳಿದರು.

“ಗಾಡಿಗ್ ಎಂತ ಆಯ್ಲಿಲ್ಲ. ಒಂದಿನ ಇವ್ಳ್ ಕಲ್ಲಿಡುಕ್ ಮರ್ತಳ್, ಅಷ್ಟೇ.”

ಅಬ್ಬಿ ಗೋಳಿಬಜೆಯ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. ಆಸ್ಪತ್ರೆಯಲ್ಲಿ ಕೊಟ್ಟ ಮಾತನ್ನು ನಾನು ಅಲ್ಲೇ ಮುರಿದೆ.

“ಅಪ್ಪಯ್ಯ, ಹ್ಯಾಂಡ್ ಬ್ರೇಕಿನ್ ಕೇಬಲ್ ಎಲ್ಲಿಗ್ ಕಟ್ಟಿದ್ರಿ? ಅದನ್ನೂ ಹೇಳಿ ಇವ್ರಿಗೆ.”

“ನೀನ್ ಒಳ್ಗ್ ಹೋಗ್.”

“ಹೋತಿಲ್ಲೆ. ತಂತಿ ಸುತ್ತಿ ಕಟ್ಟಿ ಇಟ್ಟದ್ದ್ ನಾನ್ ಕಂಡಿದೆ. ಹನ್ನೊಂದ್ ವರ್ಷಕ್ಕೇ ಕಂಡಿದೆ.”

ಅಪ್ಪಯ್ಯ ಎಂದಿನ ಹಾಗೆ ಅಬ್ಬಿಯ ಮುಖ ನೋಡಿದರು. ಅವಳು ತಟ್ಟೆಯನ್ನು ಕೆಳಗಿಟ್ಟಳು. ನಂದೇ ತಪ್ಪು ಎನ್ನುತ್ತಾಳೆ ಎಂದು ನಾನೂ ಕಾದೆ.

“ಮಗ್ಳ್ ಕೇಂತಿದ್ಳಲೆ” ಎಂದಳು. “ಹೇಳಿ.”

ಅಪ್ಪಯ್ಯ ಚಾದ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

“ಕೇಬಲ್ ಗಿಡ್ಡ ಆಯ್ತ್. ನಾಲ್ಕ್ ಬೆರಳ್.” ಲೋಟ ಕೆಳಗಿಟ್ಟು, “ಆಮೇಲ್ ಸಮ ಮಾಡ್ದೆ” ಎಂದರು.

“ಯಾವಾಗ?” ಎಂದೆ ನಾನು.

ಉತ್ತರ ಕೊಟ್ಟದ್ದು ಅಬ್ಬಿ.

“ನಾನ್ ಆಸ್ಪತ್ರೆಲ್ ಇಪ್ಪ ಹೊತ್ತಿಗೆ. ಮನಿಗ್ ಬಪ್ಪ ಹೊತ್ತಿಗೆ ಲಿವರಿನ್ ಸದ್ದ್ ಬೇರೆ ಇತ್ತ್. ನಂಗೆ ಗೊತ್ತಾಯ್ತ್.”

ಬಾಗಿಲು ಮುಚ್ಚಿ ಮಾಡಿದ ಆ ಕೆಲಸವನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅವಳು ಕಿವಿಯಲ್ಲೇ ಕಂಡುಹಿಡಿದು, ಇಷ್ಟು ವರ್ಷ ಅವರಾಗಿ ಹೇಳಲಿ ಎಂದು ಕಾದಿದ್ದಳು. ಮೆಕ್ಯಾನಿಕ್ ಒಮ್ಮೆ ಅವಳ ಕಾಲನ್ನೂ ಒಮ್ಮೆ ಅಪ್ಪಯ್ಯನನ್ನೂ ನೋಡಿ, ಗೋಳಿಬಜೆ ಮುಟ್ಟದೆ, ಹೋಗಿ ಬರುತ್ತೇನೆಂದು ಎದ್ದರು. ಅಬ್ಬಿ ಒಳಗೆ ಹೋದಳು. ನನ್ನ ಸಿಟ್ಟು ಇಳಿಯಿತೇ ಎಂದರೆ, ಇಲ್ಲ. ನಾಲ್ಕು ಬೆರಳು ಎಂಬ ಅಳತೆ ಕೇಳಿ ಇನ್ನೂ ಏರಿತು.

ಆ ಸಂಜೆ ಅಂಗಡಿ ಮುಚ್ಚಿ ಬಂದು ಕಾರನ್ನು ಹಿಮ್ಮುಖವಾಗಿ ಅಂಗಳಕ್ಕಿಳಿಸಿ ನಿಲ್ಲಿಸಿದೆ. ಅಪ್ಪಯ್ಯ ಜಗಲಿಯಲ್ಲಿದ್ದರು. ಅಭ್ಯಾಸ ಬಾಯಿಯನ್ನು ಬಿಡಲಿಲ್ಲ.

“ಕಲ್ಲ್!”

ಒಳಗೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಅಬ್ಬಿಯ ದನಿ ಬಂತು, ಜೋರಾಗಿ, ಬಾಣಲೆಯ ಕಾಲದ ದನಿ.

“ನೀವೇ ಇಡಿ.”

ಅಪ್ಪಯ್ಯ ಒಳಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಕಂಬ ಹಿಡಿದು ಎದ್ದು, ಒಂದೊಂದೇ ಮೆಟ್ಟಿಲಿಳಿದು, ಬಗ್ಗಿ ಕಲ್ಲನ್ನೆತ್ತಿದರು. ನನ್ನ ಕಾರಿಗೆ ಕಲ್ಲು ಬೇಡ ಎಂದು ನಾನು ಹೇಳಲಿಲ್ಲ. ಅವರು ಅದನ್ನು ಹಿಂದಿನ ಚಕ್ರದ ಬುಡಕ್ಕೆ ತಂದಿಡುವವರೆಗೂ ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದೆ.